ಹಳೆ ಜಿಪ್ಸಿಗೆ ಎಂಪಿಎಫ್‌ಐ ಎಂಜಿನ್: ಕಂಪನಿ ಇಸಿಎಂ ಇಡೋದಾ, ಹೊರಗಿನ ಇಸಿಯು ಹಾಕೋದಾ?

ಸೇಡಂ ಜಿಪ್ಸಿ:
ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಕಾರ್ಬ್ಯುರೇಟರ್ ಜಿಪ್ಸಿ, ಕೆಎ-32 ಪಾಸಿಂಗ್. ಹಾಕೋದು ಜಿ13ಬಿಬಿ ಎಂಪಿಎಫ್‌ಐ (ಸಿಲಿಂಡರಿಗೊಂದು ಪೆಟ್ರೋಲ್ ಇಂಜೆಕ್ಟರ್ ಇರೋದು) ಎಂಜಿನ್, 1298 ಸಿಸಿ, 16 ವಾಲ್ವ್. ಎಂಜಿನ್ ಒಳಗ ಏನೂ ಬದಲಾಯಿಸೋದಿಲ್ಲ. ಎಂಜಿನ್ ಜೋಡಿ ಇಸಿಎಂ (ಪೆಟ್ರೋಲ್, ಕಿಡಿ ನಡೆಸೋ ಕಂಪ್ಯೂಟರ್ ಡಬ್ಬಿ, ಇಸಿಯು ಅಂದ್ರೂ ಅದೇ) ಸಿಕ್ಕದ, ಆದ್ರ ವೈರಿಂಗ್ ಫೈರ್‌ವಾಲ್ ಹತ್ರ ಕಟ್ ಮಾಡಿ ಕೊಟ್ಟಾರ. ಒಬ್ಬ ಮಿಸ್ತ್ರಿ ಸ್ಪೀಡುಯಿನೊ ಅನ್ನೋ ಹೊರಗಿನ ಇಸಿಯು ಹಾಕ್ರಿ ಅಂತಾನ, ಇನ್ನೊಬ್ಬ ಕಂಪನಿದೇ ಇಡ್ರಿ ಅಂತಾನ. ಗಾಡಿ ದಿನಾ ಓಡಬೇಕು, ಮೇ ತಿಂಗಳ ಬಿಸಿಲಿನ್ಯಾಗೂ. ಮುಂದ ಬಲೆನೊದ ಜಿ16ಬಿ ಹಾಕೋ ವಿಚಾರನೂ ಅದ. ಯಾವುದು ಸರಿ, ಏನೇನು ಸಾಮಾನು ಬೇಕು, ಹೇಳ್ರಿ.

ಕಲಬುರಗಿ ವೈರಿಂಗ್:
ಎಂಜಿನ್ ಸ್ಟಾಕ್ ಅದ, ಅದರದೇ ಇಸಿಎಂ ಕೈಯಾಗ ಅದ. ಅಂದ ಮ್ಯಾಲ ಕಂಪನಿ ಇಸಿಎಂ ಬಿಡಬ್ಯಾಡ್ರಿ. ಚಳಿ ಸ್ಟಾರ್ಟು, ಬಿಸಿ ಸ್ಟಾರ್ಟು, ಎಸಿ ಹಾಕಿದಾಗ ಐಡಲ್ ಎತ್ತೋದು, ಇಳಿಜಾರಿನ್ಯಾಗ ಪೆಟ್ರೋಲ್ ಕಟ್ ಮಾಡೋದು, ಸೆನ್ಸರ್ ಕೆಟ್ಟರೂ ಗಾಡಿನ ಮನಿ ತನಕ ಮುಟ್ಟಿಸೋದು, ಇವೆಲ್ಲ ಅದರಾಗ ಮೊದಲೇ ಬರೆದಿಟ್ಟಾರ. ಹೊರಗಿನ ಇಸಿಯುದಾಗ ಇವನ್ನೆಲ್ಲ ಒಂದೊಂದಾಗಿ ನೀವೇ ತುಂಬಬೇಕು.

ಮೊದಲು ನೋಡೋದು ಇಸಿಎಂ ಮ್ಯಾಲಿನ ಚೀಟಿ. ಸುಜುಕಿ ಇಸಿಎಂ ಪಾರ್ಟ್ ನಂಬರ್ 33920ರಿಂದ ಶುರು ಆಗ್ತದ. ಅದರ ನಂತರದ ಅಂಕಿಗಳು ನಿಮ್ಮ ಎಂಜಿನ್ ಬಂದ ಗಾಡಿ, ವರ್ಷ, ಗೇರ್‌ಬಾಕ್ಸ್‌ಗೆ ಹೊಂದಬೇಕು. ಕಪ್ಲರ್ ಒಂದೇ ಥರ ಕಾಣ್ತದ ಅಂತ ಬ್ಯಾರೆ ನಂಬರಿಂದು ಚುಚ್ಚಬ್ಯಾಡ್ರಿ. ಪಿನ್ ಬ್ಯಾರೆ ಇದ್ರ ಒಳಗಿನ ಡ್ರೈವರ್ ಚಿಪ್ ಸುಡ್ತದ.

ಎರಡನೇದು ಕಟ್ ಆದ ವೈರಿಂಗ್. ಅದೇ ಮಾಡೆಲ್ ಗಾಡಿಯ ಡ್ಯಾಶ್ ಕಡೆ ಅರ್ಧ ಭಾಗ ಗುಜರಿಯಾಗ ಹುಡುಕ್ರಿ, ಇಸಿಎಂ ಕಪ್ಲರಿಂದ ಕನಿಷ್ಠ 30 ಸೆಂ.ಮೀ. ಬಾಲ ಬಿಟ್ಟು ಕತ್ತರಿಸಿಕೊಡ್ರಿ ಅಂತ ಹೇಳ್ರಿ. ಬಣ್ಣಕ್ಕ ಬಣ್ಣ, ಪಟ್ಟಿಗೆ ಪಟ್ಟಿ ಕೂಡಿಸ್ರಿ. ಆದ್ರ ಬಣ್ಣ ಒಂದನ್ನೇ ನಂಬಬ್ಯಾಡ್ರಿ, ಪ್ರತಿಯೊಂದನ್ನೂ ಇಸಿಎಂ ಪಿನ್‌ನಿಂದ ಸೆನ್ಸರ್ ಪಿನ್ ತನಕ ಮಲ್ಟಿಮೀಟರ್ ಬೀಪ್ ಇಟ್ಟು ನೋಡ್ರಿ. ವೈರ್ ಹೊಸೆದು ಟೇಪ್ ಸುತ್ತೋದು ಇಲ್ಲಿ ನಡೆಯೋದಿಲ್ಲ. ಕ್ರಿಂಪ್ ಸ್ಲೀವ್ ಒತ್ತಿ, ಒಳಗ ಅಂಟು ಇರೋ ಹೀಟ್ ಶ್ರಿಂಕ್ ಏರಿಸ್ರಿ. ಜಾಯಿಂಟ್ ಎಲ್ಲಾ ಒಂದೇ ಕಡೆ ಬರಬಾರದು, 3-4 ಸೆಂ.ಮೀ. ಹಿಂದ ಮುಂದ ಇರಲಿ.

ಗಾಡಿ ಕಡೆಯಿಂದ ಇಸಿಎಂಗೆ ಬೇಕಾಗೋದು ಇಷ್ಟ: ಕೀ ಆಫ್ ಇದ್ರೂ ಇರೋ 12 ವೋಲ್ಟ್, ಕೀ ಆನ್ 12 ವೋಲ್ಟ್, ಸೆಲ್ಫ್ ಹೊಡೆದಾಗಿನ ಸಿಗ್ನಲ್, ಮೇನ್ ರಿಲೇ, ಫ್ಯುಯೆಲ್ ಪಂಪ್ ರಿಲೇ, ಚೆಕ್ ಎಂಜಿನ್ ಲೈಟು, ಸ್ಪೀಡ್ ಸೆನ್ಸರ್, ಎಸಿ ಇದ್ರ ಅದರ ಸಿಗ್ನಲ್, ಮತ್ತ ಅರ್ಥಿಂಗ್.

ಸ್ಪೀಡ್ ಸೆನ್ಸರ್ ಬಿಟ್ಟೇ ಬಿಡೋರು ಭಾಳ ಮಂದಿ. ಕಾರ್ಬ್ ಜಿಪ್ಸಿಯಾಗ ಮೀಟರ್ ಕೇಬಲ್ ಮ್ಯಾಲ ನಡೀತದ, ಇಸಿಎಂಗೆ ಪಲ್ಸ್ ಹೋಗೋದಿಲ್ಲ. ಆಗ ಗಾಡಿ ಓಡಾಕತ್ಯದೋ ನಿಂತದೋ ಅದಕ್ಕ ತಿಳಿಯೋದಿಲ್ಲ. ಆಕ್ಸಿಲರೇಟರ್ ಬಿಟ್ಟು ಸಿಗ್ನಲ್‌ಗೆ ಬಂದು ನಿಲ್ಲೋವಾಗ ಐಡಲ್ ಕುಸಿದು ಬಂದ್ ಆಗ್ತದ. ಕೇಬಲ್ ನಡುವ ಕೂಡಿಸೋ ಹಾಲ್ ಸೆನ್ಸರ್ (ಆಯಸ್ಕಾಂತ ತಿರುಗಿದಾಗ ಪಲ್ಸ್ ಕೊಡೋದು) ಸಿಗ್ತದ. ಒಂದು ಸುತ್ತಿಗೆ ಎಷ್ಟು ಪಲ್ಸ್ ಅನ್ನೋದು ಇಂಜಿನ್ ಬಂದ ಗಾಡಿ ಸೆನ್ಸರಿಗೆ ಹೊಂದಬೇಕು.

ಬೀದರ್ ಟ್ಯೂನಿಂಗ್:
ಸ್ಟಾಕ್ ಎಂಜಿನ್ನಿಗೆ ಕಂಪನಿ ಇಸಿಎಂ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಹೊರಗಿನದನ್ನು ಯಾವಾಗ ಹಾಕಲೇಬೇಕಾಗುತ್ತದೆ ಎಂಬುದೂ ಗೊತ್ತಿರಲಿ. ಕ್ಯಾಮ್ ಬದಲಾಯಿಸಿದರೆ, ಟರ್ಬೊ ಕೂಡಿಸಿದರೆ, ಇಂಜೆಕ್ಟರ್ ಅಳತೆ ಬೇರೆಯಾದರೆ ಕಂಪನಿ ಇಸಿಎಂ ಒಳಗಿನ ಪಟ್ಟಿ (ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬ ಲೆಕ್ಕ) ಹೊಂದುವುದಿಲ್ಲ. ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಹತ್ತದಂತೆ ತಡೆಯುವುದು) ಇರುವ ಇಸಿಎಂಗೆ ಕೀಲಿ ಸಿಗದಿದ್ದರೂ ಅಷ್ಟೇ. ಮಾರುತಿಯ ಐಕ್ಯಾಟ್ಸ್ ಎಂಬ ಇಮ್ಮೊಬಿಲೈಸರ್ ಇರುವ ಗಾಡಿಗಳಿಂದ ಎಂಜಿನ್ ತಂದರೆ ಇಸಿಎಂ ಜೊತೆಗೆ ಅದೇ ಗಾಡಿಯ ಕೀಲಿ, ಕೀಲಿಯ ಚಿಪ್ ಓದುವ ಕಾಯಿಲ್, ಇಮ್ಮೊಬಿಲೈಸರ್ ಡಬ್ಬಿ ಮೂರೂ ಬರಬೇಕು. ಒಂದು ಬಿಟ್ಟು ತಂದರೆ ಎಂಜಿನ್ ಹತ್ತುವುದಿಲ್ಲ, ಅಥವಾ ಹತ್ತಿದ ಕೂಡಲೇ ಆರಿಹೋಗುತ್ತದೆ. ನಿಮ್ಮ ಜಿ13ಬಿಬಿ ಯಾವ ವರ್ಷದ್ದು ಎಂದು ಮೊದಲು ನೋಡಿ.

ಇನ್ನೊಂದು ಗಡಿ 2013. ಆ ವರ್ಷದ ಏಪ್ರಿಲ್‌ನಿಂದ ಓಬಿಡಿ-2 (ಹೊಗೆ ಹೆಚ್ಚಿಸುವ ದೋಷವನ್ನು ಗಾಡಿಯೇ ಪತ್ತೆ ಹಚ್ಚುವ ವ್ಯವಸ್ಥೆ) ಕಡ್ಡಾಯವಾಯಿತು. ಅದರ ನಂತರದ ಗಾಡಿಗಳ ಇಸಿಎಂ ಕ್ಯಾಟಲಿಟಿಕ್ ಕನ್ವರ್ಟರ್ ಹಿಂದಿನ ಎರಡನೇ ಆಕ್ಸಿಜನ್ ಸೆನ್ಸರನ್ನೂ ಕೇಳುತ್ತದೆ. ಇನ್ನೂ ಹೊಸ ಗಾಡಿಯಾದರೆ ಕ್ಯಾನ್ ವೈರ್ (ಗಾಡಿಯ ಕಂಪ್ಯೂಟರುಗಳನ್ನು ಜೋಡಿಸುವ ವೈರ್) ಮೇಲೆ ಮೀಟರ್, ಬಿಸಿಎಂ (ಲೈಟು, ಲಾಕ್ ನಡೆಸುವ ಡಬ್ಬಿ), ಎಬಿಎಸ್ ಜೊತೆ ಮಾತಾಡುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಪೆಡಲ್ ಕೂಡ ಅದೇ ಗಾಡಿಯದು ಬೇಕು. ಇಂಥ ಎಂಜಿನ್ನನ್ನು ಹಳೆ ಜಿಪ್ಸಿಗೆ ಇಳಿಸುವವರು ಇಡೀ ಗಾಡಿಯನ್ನೇ ಕೊಂಡು, ಬೇಕಾದದ್ದು ತೆಗೆದುಕೊಂಡು ಉಳಿದದ್ದು ಮಾರುವುದು ಒಳ್ಳೆಯದು. ಅರ್ಧ ವೈರಿಂಗಿನಲ್ಲಿ ಆ ಕೆಲಸ ಮುಗಿಯುವುದಿಲ್ಲ.

ಸೇಡಂ ಜಿಪ್ಸಿ:
ಇದರಾಗ ಇಮ್ಮೊಬಿಲೈಸರ್ ಇಲ್ರಿ, ಕೀಲಿ ಸಾದಾ. ಎಂಜಿನ್ನಿನ್ಯಾಗ ಡಿಸ್ಟ್ರಿಬ್ಯೂಟರ್ ಇಲ್ಲ, ಕಾಯಿಲ್ ಪ್ಯಾಕ್ ಅದ. ಒಂದು ವೇಳೆ ಇಸಿಎಂ ಸತ್ತಿದ್ರ ಸ್ಪೀಡುಯಿನೊ ಹಾಕಾಕ ಏನೇನು ಬೇಕಾಗ್ತದ? ಬರೇ ಡಬ್ಬಿ ರೇಟ್ ನೋಡಿದ್ರ ಅಗ್ಗ ಕಾಣ್ತದ.

ಬೀದರ್ ಟ್ಯೂನಿಂಗ್:
ಡಬ್ಬಿಯ ರೇಟ್ ನೋಡಿ ಲೆಕ್ಕ ಹಾಕಬೇಡಿ ಅಣ್ಣಾ. ಸ್ಪೀಡುಯಿನೊ ಅಂದರೆ ಆರ್ಡ್ಯುಯಿನೊ ಮೆಗಾ 2560 ಮೇಲೆ ಕೂರುವ ಬೋರ್ಡು, ಟ್ಯೂನರ್ ಸ್ಟುಡಿಯೊದಲ್ಲಿ ಲ್ಯಾಪ್‌ಟಾಪಿನಿಂದ ಹೊಂದಿಸುವುದು. ಮೆಗಾಸ್ಕ್ವರ್ಟ್ ಅದಕ್ಕಿಂತ ಹಳೆಯದು, 2001ರಿಂದ ಇದೆ. ಹಾಲ್‌ಟೆಕ್, ಲಿಂಕ್, ಇಸಿಯು ಮಾಸ್ಟರ್ ಇವು ಮುಚ್ಚಿದ ಡಬ್ಬಿಯಲ್ಲಿ ಬರುವ ದುಬಾರಿ ಸಾಮಾನು. ಯಾವುದನ್ನೇ ಹಾಕಿ, ಅದರ ಜೊತೆ ಇವು ಬೇಕು: ವೈಡ್‌ಬ್ಯಾಂಡ್ ಕಂಟ್ರೋಲರ್ ಮತ್ತು ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ (ಹೊಗೆಯ ಆಕ್ಸಿಜನ್ ನಿಖರವಾಗಿ ಅಳೆಯಲು), ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯಲು), ಏರ್ ಟೆಂಪರೇಚರ್ ಸೆನ್ಸರ್, ಹೊಸ ಕಪ್ಲರುಗಳು, ಶೀಲ್ಡ್ ವೈರು, ರಿಲೇ-ಫ್ಯೂಸ್ ಡಬ್ಬಿ, ಟೈಮಿಂಗ್ ಲೈಟು. ಕಾಯಿಲ್ ಒಳಗೆ ಇಗ್ನೈಟರ್ (ಕಾಯಿಲಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದೂ ಬೇರೆ. ಮೇಲಾಗಿ ಟ್ಯೂನ್ ಮಾಡುವವರ ಸಮಯ.

ಇಂಧನದ ಲೆಕ್ಕ ಹೀಗೆ ಬರುತ್ತದೆ. 1298 ಸಿಸಿ, 4 ಸಿಲಿಂಡರ್, ಒಂದಕ್ಕೆ 324.5 ಸಿಸಿ ಗಾಳಿ, ತೂಕ ಸುಮಾರು 0.39 ಗ್ರಾಂ. ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಗಾಳಿ-ಪೆಟ್ರೋಲಿನ ಸರಿ ಮಿಶ್ರಣ ತೂಕದಲ್ಲಿ 13.5:1ರ ಆಸುಪಾಸು. ಇಂಜೆಕ್ಟರ್ ನಿಮಿಷಕ್ಕೆ 190 ಸಿಸಿ ಎಂದಿಟ್ಟುಕೊಂಡರೆ ಒಂದು ಸಿಲಿಂಡರ್ ತುಂಬಿದಾಗ ಇಂಜೆಕ್ಟರ್ ಸುಮಾರು 12 ಮಿಲಿಸೆಕೆಂಡ್ ತೆರೆದಿರಬೇಕು. ಹಳೆ ಪುಸ್ತಕದ 14.7 ಹಾಕಿ ಲೆಕ್ಕ ಮಾಡಿದರೆ 11 ಬರುತ್ತದೆ, ಅಂದರೆ ಶುರುವಿನಲ್ಲೇ ಶೇ. 8-9 ಪೆಟ್ರೋಲ್ ಕಡಿಮೆ. ಕಂಪನಿ ಇಸಿಎಂ ಆಕ್ಸಿಜನ್ ಸೆನ್ಸರ್ ನೋಡಿ ಈ ವ್ಯತ್ಯಾಸವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದು ಸೆನ್ಸರ್ ಕಡೆ ನೋಡುವುದಿಲ್ಲ, ಅಲ್ಲಿ ಕಲಿತಿಟ್ಟ ತಿದ್ದುಪಡಿಯೇ ಗತಿ. ಹೊರಗಿನ ಇಸಿಯುದಲ್ಲಿ ಎಲ್ಲವನ್ನೂ ಲ್ಯಾಂಬ್ಡಾ ಅಂಕಿಯಲ್ಲೇ (1.0 ಅಂದರೆ ಸರಿ ಮಿಶ್ರಣ, ಕಡಿಮೆಯಾದರೆ ಪೆಟ್ರೋಲ್ ಹೆಚ್ಚು) ಹೊಂದಿಸಿ: ಸಾಧಾರಣ ಓಟಕ್ಕೆ 1.0, ಪೂರ್ತಿ ಲೋಡಿಗೆ 0.85ರಿಂದ 0.88. ಬಂಕಿನ ಪೆಟ್ರೋಲ್ ಬದಲಾದರೂ ಲ್ಯಾಂಬ್ಡಾ ಗುರಿ ಬದಲಾಗುವುದಿಲ್ಲ.

ಇದೇ ಇಂಜೆಕ್ಟರನ್ನು 1590 ಸಿಸಿ ಜಿ16ಬಿಗೆ ಹಾಕಿದರೆ 12 ಹೋಗಿ ಸುಮಾರು 14.7 ಮಿಲಿಸೆಕೆಂಡ್ ಆಗುತ್ತದೆ. 6500 ಆರ್‌ಪಿಎಂನಲ್ಲಿ ಎಂಜಿನ್ನಿನ ಒಂದು ಚಕ್ರಕ್ಕೆ (ಎರಡು ಸುತ್ತಿಗೆ) ಇರುವುದೇ 18.5 ಮಿಲಿಸೆಕೆಂಡ್. ಗಾಳಿ ತುಂಬುವ ಪ್ರಮಾಣ ಶೇ. 85 ಹಿಡಿದು, ಲ್ಯಾಂಬ್ಡಾ 0.87ಕ್ಕೆ ಹೊಂದಿಸಿ, ಇಂಜೆಕ್ಟರ್ ತೆರೆಯುವ ತಡ 1 ಮಿಲಿಸೆಕೆಂಡ್ ಕೂಡಿಸಿದರೆ ಡ್ಯೂಟಿ (ಚಕ್ರದಲ್ಲಿ ಇಂಜೆಕ್ಟರ್ ತೆರೆದಿರುವ ಪಾಲು) ಶೇ. 83 ಮುಟ್ಟುತ್ತದೆ. ಶೇ. 85 ದಾಟಿದರೆ ಇಂಜೆಕ್ಟರ್ ಮೇಲೆ ಹಿಡಿತ ಇರುವುದಿಲ್ಲ. ಹಾಗಾಗಿ ಜಿ16ಬಿ ತಂದರೆ ಅದರ ಇಂಜೆಕ್ಟರ್, ಅದರ ಇಸಿಎಂ, ಅದರ ವೈರಿಂಗ್ ಒಂದೇ ಗಾಡಿಯಿಂದ ತನ್ನಿ. ಜಿ13 ಇಸಿಎಂ ಮೇಲೆ ಜಿ16 ಓಡಿಸುವ ಯೋಚನೆ ಬೇಡ.

ಯಾದಗಿರಿ ಆಟೋ ಎಲೆಕ್ಟ್ರಿಕ್:
ಬಿಸಿಲಿನ ಮಾತು ಯಾರೂ ಬಿಡಿಸಿ ಹೇಳಲಿಲ್ಲ, ನಮ್ಮ ಕಡೆ ಅದೇ ದೊಡ್ಡದು. ಕಲಬುರಗಿ, ಯಾದಗಿರಿಯಾಗ ಮೇ ತಿಂಗಳ 42-43 ಡಿಗ್ರಿ ಸಾಮಾನ್ಯ. ಗಾಡಿ ಓಡಿಸಿ 15 ನಿಮಿಷ ನಿಲ್ಲಿಸಿ ಮತ್ತ ಸೆಲ್ಫ್ ಹೊಡೆದ್ರ, ಇಂಟೇಕ್ ಮ್ಯಾನಿಫೋಲ್ಡ್ ಮ್ಯಾಲ ಕೂಡಿಸಿದ ಏರ್ ಸೆನ್ಸರ್ 65-70 ಡಿಗ್ರಿ ತೋರಿಸ್ತದ. ಹೊರಗಿನ ಇಸಿಯು ಗಾಳಿ ತೆಳುವಾಗ್ಯದ ಅಂದ್ಕೊಂಡು ಪೆಟ್ರೋಲ್ ಕಡಿಮಿ ಮಾಡ್ತದ. ನಿಜವಾಗಿ ಒಳಗ ಹೋಗೋ ಗಾಳಿ ಅಷ್ಟು ಬಿಸಿ ಇರೋದಿಲ್ಲ, ಸೆನ್ಸರ್ ಲೋಹ ಮಾತ್ರ ಕಾದಿರ್ತದ. ಎಂಜಿನ್ ಹತ್ತಿ ತಡವರಿಸಿ ಬಂದ್ ಆಗ್ತದ. ಸೆನ್ಸರನ್ನ ಮ್ಯಾನಿಫೋಲ್ಡಿನಿಂದ ತೆಗೆದು ಥ್ರಾಟಲ್‌ಗಿಂತ ಮೊದಲು, ಏರ್ ಫಿಲ್ಟರ್ ಪೈಪಿನ್ಯಾಗ ಕೂಡಿಸ್ರಿ. ಐಡಲ್‌ನ್ಯಾಗ ಏರ್ ಟೆಂಪರೇಚರ್ ತಿದ್ದುಪಡಿ ಅರ್ಧಕ್ಕ ಇಳಿಸ್ರಿ. ಗಾಳಿ ಬಿಸಿ 50 ಡಿಗ್ರಿ ದಾಟಿದ ಮ್ಯಾಲ ಲೋಡಿನ್ಯಾಗ ಇಗ್ನಿಷನ್ 2-3 ಡಿಗ್ರಿ ಹಿಂದ ಸರಿಸ್ರಿ, ಇಲ್ಲಾಂದ್ರ ಏರಿನ್ಯಾಗ ಕಟಕಟ ಬಡಿತದ.

ಹಿಂದಿನ ಮಾತಿಗೆ ಇನ್ನೊಂದು: ಚಳಿ ಸ್ಟಾರ್ಟಿನ ಪಟ್ಟಿನ ಮೇ ತಿಂಗಳಾಗ ತುಂಬಾಕ ಬರೋದಿಲ್ಲ. ಅದಕ್ಕ ಡಿಸೆಂಬರ್ ಮುಂಜಾನೆ ಬೇಕು, ಪ್ರತಿ ಸಲ ಎಂಜಿನ್ ರಾತ್ರಿಯಿಡೀ ಆರಿರಬೇಕು. ಹಿಂಗಾಗಿ ಹೊರಗಿನ ಇಸಿಯು ಪೂರಾ ಸರಿ ಆಗಾಕ ಒಂದು ಬ್ಯಾಸಗಿ, ಒಂದು ಚಳಿಗಾಲ ಎರಡೂ ದಾಟಬೇಕು. ದಿನಾ ಓಡೋ ಗಾಡಿಗೆ ನಾ ಕಂಪನಿದೇ ಹೇಳೋದು ಇದಕ್ಕ.

ಮತ್ತ ಇಸಿಯು ಇಡೋ ಜಾಗ. ಬಾನೆಟ್ ಒಳಗ ಬ್ಯಾಡ. ಗ್ಲೋವ್ ಬಾಕ್ಸ್ ಹಿಂದ, ಕಪ್ಲರ್ ಬಾಯಿ ಕೆಳಗ ಮಾಡಿ, ವೈರ್ ಒಂದು ಸಣ್ಣ ಬಾಗು ಕೊಟ್ಟು ಮ್ಯಾಲ ಹೋಗಲಿ, ನೀರು ಬಂದ್ರ ಬಾಗಿನಿಂದ ಕೆಳಗ ಬೀಳ್ತದ. ಸ್ಪೀಡುಯಿನೊ ಥರ ತೆರೆದ ಬೋರ್ಡಿಗೆ ಮುಚ್ಚಿದ ಡಬ್ಬಿ, ಬೋರ್ಡ್ ಮ್ಯಾಲ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯೋ ಲೇಪ) ಹಚ್ಚಲೇಬೇಕು. ನಮ್ಮ ಎರೆಮಣ್ಣಿನ ಧೂಳು ಸಣ್ಣದು, ಪಿನ್ ನಡುವ ಕೂತು ಮಳಿಗಾಲಕ್ಕ ತೇವ ಹಿಡಿದ್ರ ಸೆನ್ಸರ್ ರೀಡಿಂಗ್ ಅಲೆದಾಡ್ತದ.

ಹುಮನಾಬಾದ್ ಡೀಸೆಲ್:
ಇದನ್ನ ಓದಿ ಮಹೀಂದ್ರ ಕಮಾಂಡರ್, ಎಂಎಂ540 ಇರೋರೂ ಸ್ಕಾರ್ಪಿಯೊದ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್, ಎಲ್ಲಾ ಇಂಜೆಕ್ಟರಿಗೆ ಒಂದೇ ಹೈ ಪ್ರೆಷರ್ ಪೈಪಿಂದ ಡೀಸೆಲ್ ಕೊಡೋದು) ಹಾಕಾಕ ಹೊರಗಿನ ಇಸಿಯು ಹುಡುಕ್ತಾರ, ಅದಕ್ಕ ಬರೀತೀನಿ. ಕಾಮನ್ ರೈಲ್ ಡೀಸೆಲ್‌ಗೆ ಕಂಪನಿ ಇಸಿಯು ಒಂದೇ ದಾರಿ. ರೈಲಿನ ಒತ್ತಡ 1000 ಬಾರ್ ದಾಟ್ತದ, ಇಂಜೆಕ್ಟರ್ ತೆರೆಯಾಕ 12 ವೋಲ್ಟ್ ಸಾಲೋದಿಲ್ಲ, ಇಸಿಯು ಒಳಗಿನ ಸರ್ಕಿಟ್ ಅದನ್ನ 60 ವೋಲ್ಟ್ ಮ್ಯಾಲ ಏರಿಸಿ ಕೊಡ್ತದ. ಒಂದೇ ಹೊಡೆತಕ್ಕ ಮೊದಲೊಂದು ಸಣ್ಣ ಇಂಜೆಕ್ಷನ್, ಆಮ್ಯಾಲ ದೊಡ್ಡದು. ಪೆಟ್ರೋಲಿಗೆ ಮಾಡಿದ ಹೊರಗಿನ ಇಸಿಯು ಇದನ್ನ ಮಾಡೋದಿಲ್ಲ.

ಸಾಮಾನು: ಇಸಿಯು, ಕೀಲಿ, ಇಮ್ಮೊಬಿಲೈಸರ್, ಪೆಡಲ್, ಕ್ಲಚ್ ಮತ್ತ ಬ್ರೇಕ್ ಸ್ವಿಚ್, ಗ್ಲೋ ರಿಲೇ, ಪೂರಾ ಎಂಜಿನ್ ವೈರಿಂಗ್. ಇಂಜೆಕ್ಟರ್ ಬದಲಾಯಿಸಿದ್ರ ಮ್ಯಾಲಿನ ಕೋಡನ್ನ ಸ್ಕ್ಯಾನರಿಂದ ಇಸಿಯುಗೆ ಬರೀಬೇಕು.

ಒಂದು ಎಚ್ಚರಿಕಿ, ದಯವಿಟ್ಟು ಮನಸಿನ್ಯಾಗ ಇಡ್ರಿ. ಹಳೆ ಪಂಪಿನ ಎಂಜಿನ್ನಿನ್ಯಾಗ ಇಂಜೆಕ್ಟರ್ ಪೈಪ್ ನಟ್ ಸಡಿಲ ಮಾಡಿ ಗಾಳಿ ತೆಗೆಯೋ ರೂಢಿ ಅದ, ಯಾವ ಸಿಲಿಂಡರ್ ಮಿಸ್ಸಿಂಗ್ ಅಂತನೂ ಹಂಗೇ ನೋಡ್ತಾರ. ಕಾಮನ್ ರೈಲಿನ್ಯಾಗ ಎಂಜಿನ್ ಚಾಲೂ ಇದ್ದಾಗ ಇದನ್ನ ಎಂದೂ ಮಾಡಬ್ಯಾಡ್ರಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗ ಹೋಗ್ತದ. ಮ್ಯಾಲ ಸಣ್ಣ ಚುಚ್ಚಿದ ಗುರ್ತು ಕಂಡ್ರೂ ಒಳಗ ಮಾಂಸ ಕೊಳೀತದ, ತಕ್ಷಣ ದವಾಖಾನಿಗೆ ಹೋಗಬೇಕು.

ಕಲಬುರಗಿ ವೈರಿಂಗ್:
ಜಿಪ್ಸಿಗೆ ವಾಪಸ್ ಬರ್ತೀನಿ. ಇಸಿಎಂ ಯಾವುದೇ ಇರಲಿ, ಪೆಟ್ರೋಲ್ ಲೈನ್ ಎರಡಕ್ಕೂ ಒಂದೇ. ಕಾರ್ಬ್ ಎಂಜಿನ್ನಿನ ಮೆಕ್ಯಾನಿಕಲ್ ಪಂಪ್ ಕೊಡೋದು 0.2-0.3 ಬಾರ್, ಎಂಪಿಎಫ್‌ಐಗೆ ಬೇಕಾಗೋದು 3 ಬಾರ್ ಹತ್ರ ಹತ್ರ. ಹಳೆ ಟ್ಯಾಂಕಿನ್ಯಾಗ ತಡೆ ತಗಡು ಕಡಿಮಿ; ತಿರುವಿನ್ಯಾಗ ಪೆಟ್ರೋಲ್ ಒಂದು ಕಡೆ ಸರಿದು ಪಂಪ್ ಗಾಳಿ ಎಳೀತದ, ಎಂಜಿನ್ ಜರ್ಕ್ ಹೊಡೀತದ. ಎಂಪಿಎಫ್‌ಐ ಜಿಪ್ಸಿಯ ಟ್ಯಾಂಕ್ ಸಿಕ್ಕರ ಅದನ್ನ ಹಾಕ್ರಿ. ಸಿಗದಿದ್ರ 1-2 ಲೀಟರಿನ ಸರ್ಜ್ ಟ್ಯಾಂಕ್ (ಪಂಪ್ ಗಾಳಿ ಎಳೀದಂಗ ಪೆಟ್ರೋಲ್ ಕೂಡಿಡೋ ಸಣ್ಣ ಟ್ಯಾಂಕ್), ಅದಕ್ಕ ತುಂಬೋ ಸಣ್ಣ ಪಂಪ್, ಅಲ್ಲಿಂದ ಎಂಜಿನ್ನಿಗೆ ಹೈ ಪ್ರೆಷರ್ ಪಂಪ್, ರಿಟರ್ನ್ ಲೈನ್ ಬೇಕೇ ಬೇಕು. ಹಳೆ ರಬ್ಬರ್ ಪೈಪ್ ಇ20ಗೆ ಬಿರುಕು ಬಿಡ್ತದ, ಜೆ30ಆರ್9 ಅಂತ ಮುದ್ರೆ ಇರೋ ಇಂಜೆಕ್ಷನ್ ಹೋಸ್ ಹಾಕ್ರಿ.

ಪಂಪಿಗೆ ಕೀಯಿಂದ ನೇರ ಕರೆಂಟ್ ಕೊಡಬ್ಯಾಡ್ರಿ. ಇಸಿಎಂ ರಿಲೇ ಮ್ಯಾಲ ಇದ್ರ ಕೀ ಆನ್ ಮಾಡಿದಾಗ 2-3 ಸೆಕೆಂಡ್ ಓಡಿ ನಿಲ್ತದ, ಎಂಜಿನ್ ತಿರುಗಿದ್ರ ಮಾತ್ರ ಮುಂದುವರೀತದ. ಗಾಡಿ ಗುದ್ದಿ ಪೈಪ್ ಹರಿದಾಗ ಇದೇ ರಿಲೇ ಬೆಂಕಿ ತಪ್ಪಿಸ್ತದ.

ಬೀದರ್ ಟ್ಯೂನಿಂಗ್:
ಹೊರಗಿನ ಇಸಿಯು ಹಾಕುವವರು ಮೊದಲ ಸಲ ಎಂಜಿನ್ ಹತ್ತಿಸುವ ಮುಂಚೆ ಮಾಡಬೇಕಾದದ್ದು ಟೈಮಿಂಗ್ (ಕಿಡಿ ಹಾರುವ ಹೊತ್ತು) ಹೊಂದಿಸುವುದು. ಇಂಜೆಕ್ಟರ್ ಕಪ್ಲರ್ ಬಿಚ್ಚಿ, ಸಾಫ್ಟ್‌ವೇರಿನಲ್ಲಿ 10 ಡಿಗ್ರಿಗೆ ಲಾಕ್ ಮಾಡಿ, ಸೆಲ್ಫ್ ಹೊಡೆಯುತ್ತಾ ಟೈಮಿಂಗ್ ಲೈಟ್ ಹಿಡಿಯಿರಿ. ಪುಲ್ಲಿಯ ಗುರುತು 10ಕ್ಕೇ ಬರುವವರೆಗೆ ಟ್ರಿಗರ್ ಕೋನ ತಿದ್ದಿ. ಎಂಜಿನ್ ಹತ್ತಿದ ಮೇಲೆ ಲಾಕ್ ಹಾಗೇ ಇಟ್ಟು 1000ದಲ್ಲಿಯೂ 3000ದಲ್ಲಿಯೂ ನೋಡಿ. ಆರ್‌ಪಿಎಂ ಏರಿದಂತೆ ಗುರುತು ಸರಿಯುತ್ತಿದ್ದರೆ ಎರಡು ವೈರಿನ ಕ್ರ್ಯಾಂಕ್ ಸೆನ್ಸರಿನ ವೈರ್ ಅದಲುಬದಲಾಗಿವೆ. ಇದನ್ನು ಬಿಟ್ಟು ಪಟ್ಟಿ ತುಂಬುತ್ತ ಕೂತರೆ ಲ್ಯಾಪ್‌ಟಾಪ್ 25 ಡಿಗ್ರಿ ತೋರಿಸುವಾಗ ಎಂಜಿನ್ 35ರಲ್ಲಿ ಓಡಿ ಪಿಸ್ಟನ್ ಒಡೆಯುತ್ತದೆ.

ಕಾಯಿಲ್ ಡ್ವೆಲ್ (ಕಿಡಿಗೆ ಮುಂಚೆ ಕಾಯಿಲಿಗೆ ಕರೆಂಟ್ ಕೊಡುವ ಹೊತ್ತು) ಗೊತ್ತಿಲ್ಲದಿದ್ದರೆ 3 ಮಿಲಿಸೆಕೆಂಡಿನಿಂದ ಶುರು ಮಾಡಿ, ಕಾಯಿಲ್ ಮುಟ್ಟಲಾರದಷ್ಟು ಕಾದರೆ ಇಳಿಸಿ. ವೈಡ್‌ಬ್ಯಾಂಡ್ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಅಡ್ಡ ಮಟ್ಟಕ್ಕಿಂತ ಕನಿಷ್ಠ 10 ಡಿಗ್ರಿ ಮೇಲೆ ಇರಲಿ. ಕೆಳಗೆ ಕೂಡಿಸಿದರೆ ಚಳಿಯಲ್ಲಿ ಪೈಪಿನ ನೀರು ತಾಗಿ ಒಳಗಿನ ಸಿರಾಮಿಕ್ ಬಿರಿಯುತ್ತದೆ.

ಮ್ಯಾಪ್ ಸೆನ್ಸರ್ ಸರಿ ಇದೆಯೋ ನೋಡಲು ಎಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ. ಕಲಬುರಗಿ ಸಮುದ್ರ ಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರ, ಅಲ್ಲಿ 96 ಕಿಲೋಪಾಸ್ಕಲ್ ಹತ್ತಿರ ತೋರಿಸಬೇಕು. ಬೀದರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ, 94ರ ಆಸುಪಾಸು. 101 ತೋರಿಸಿದರೆ ಸೆನ್ಸರ್ ಅಳತೆ ತಪ್ಪು ತುಂಬಿದ್ದೀರಿ ಎಂದು ಅರ್ಥ. ರಸ್ತೆಯ ಮೇಲೆ ಟ್ಯೂನ್ ಮಾಡುವಾಗ ಲ್ಯಾಪ್‌ಟಾಪ್ ಪಕ್ಕದವರ ತೊಡೆಯ ಮೇಲಿರಲಿ, ಓಡಿಸುವವರು ರಸ್ತೆ ಬಿಟ್ಟು ಕಣ್ಣು ತೆಗೆಯಬಾರದು.

ಹುಮನಾಬಾದ್ ಡೀಸೆಲ್:
ಆರ್‌ಟಿಒ ಮಾತೂ ಆಗಲಿ. 1988ರ ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಎಂಜಿನ್ ಬದಲಾಯಿಸೋಕ ಮುಂಚೆ ಒಪ್ಪಿಗಿ ಬೇಕು, ಕೆಲಸ ಮುಗಿದ 14 ದಿನದಾಗ ತಿಳಿಸಿ ಆರ್‌ಸಿಯಾಗ ಎಂಜಿನ್ ನಂಬರ್ ಬದಲಾಯಿಸಿಕೊಳ್ಳಬೇಕು. ಎಂಜಿನ್ ಕೊಳ್ಳೋವಾಗ್ಲೇ ಬಿಲ್, ಹಳೆ ಗಾಡಿಯ ಆರ್‌ಸಿ ಕಾಗದದ ನಕಲು ತಗೊಳ್ರಿ. ಬ್ಲಾಕ್ ಮ್ಯಾಲಿನ ನಂಬರ್ ಉಜ್ಜಿದ್ದಿದ್ರ ಎಷ್ಟೇ ಅಗ್ಗ ಇರಲಿ ಮುಟ್ಟಬ್ಯಾಡ್ರಿ. ಕೆಎ-32, 33, 38 ಯಾವ ಆಫೀಸಾದ್ರೂ ಮೊದಲು ಹೋಗಿ ಕೇಳಿ ಆಮ್ಯಾಲ ಎಂಜಿನ್ ಇಳಸ್ರಿ.

ಸೇಡಂ ಜಿಪ್ಸಿ:
ಭಾಳ ಉಪಕಾರ ಆಯ್ತ್ರಿ. ಕಂಪನಿ ಇಸಿಎಂ ಅಂತ ತೀರ್ಮಾನ. ವೈರಿಂಗ್ ಕೂಡಿಸಿ ಆಗ್ಯದ. ಸೆಲ್ಫ್ ಹೊಡೆದ್ರ ಎಂಜಿನ್ ತಿರುಗ್ತದ, ಹತ್ತೋದಿಲ್ಲ. ಆಗ ಬ್ಯಾಟರಿ ಮ್ಯಾಲ 10.8 ವೋಲ್ಟ್, ಇಸಿಎಂ ಪಿನ್ನಿನ್ಯಾಗ ಅದರದೇ ಅರ್ಥಿಂಗ್ ಪಿನ್ನಿಗೆ ಹಿಡಿದ್ರ 9.2. ಇಸಿಎಂ ಸತ್ತದೇನ್ರಿ?

ಯಾದಗಿರಿ ಆಟೋ ಎಲೆಕ್ಟ್ರಿಕ್:
ಅಷ್ಟಕ್ಕ ಸತ್ತದ ಅನ್ನಬ್ಯಾಡ್ರಿ. 1.6 ವೋಲ್ಟ್ ದಾರಿಯಾಗ ಕಳೀಲಿಕತ್ತದ, ಎಲ್ಲಿ ಅಂತ ಹಿಡೀಬೇಕು. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಸಿಎಂ ಅರ್ಥಿಂಗ್ ಪಿನ್ನಿಗೆ ಇಟ್ಟು ಸೆಲ್ಫ್ ಹೊಡೀರಿ. 0.1 ವೋಲ್ಟ್ ಒಳಗ ಇರಬೇಕು. ಹೆಚ್ಚಿದ್ರ ಅರ್ಥಿಂಗ್ ತಪ್ಪದ. ಜಿಪ್ಸಿಯಾಗ ಎಂಜಿನ್ ರಬ್ಬರ್ ಮೌಂಟಿನ ಮ್ಯಾಲ ಕೂಡ್ತದ, ಚಾಸಿಗೆ ತಾನಾಗೇ ಅರ್ಥ್ ಸಿಗೋದಿಲ್ಲ. ಬ್ಯಾಟರಿ ಮೈನಸ್ಸಿನಿಂದ ಬ್ಲಾಕಿಗೆ 16ರಿಂದ 25 ಚದರ ಮಿ.ಮೀ. ಕೇಬಲ್, ಬ್ಲಾಕಿನಿಂದ ಚಾಸಿಗೆ ಇನ್ನೊಂದು, ಬಣ್ಣ ಕೆರೆದು ಬರೇ ಕಬ್ಬಿಣದ ಮ್ಯಾಲ ಬಿಗೀರಿ. ಇಸಿಎಂ ಅರ್ಥಿಂಗ್ ವೈರುಗಳು ಗಾಡಿಯ ಬಾಡಿ ತಗಡಿಗೆ ಬ್ಯಾಡ, ಇಂಜಿನ್ ಬ್ಲಾಕಿಗೆ, ಇಲ್ಲಾಂದ್ರ ಮ್ಯಾನಿಫೋಲ್ಡಿಗೇ ಹೋಗಬೇಕು. ಸೆನ್ಸರ್ ಅರ್ಥಿಂಗ್ ಬ್ಯಾರೆ, ಅದನ್ನ ಇಸಿಎಂಗೆ ಮಾತ್ರ ಒಯ್ರಿ, ಇದರ ಜೋಡಿ ಕೂಡಿಸಬ್ಯಾಡ್ರಿ.

ಆಮ್ಯಾಲ ಪ್ಲಸ್ ಕಡೆ. ಒಂದು ಮುಳ್ಳು ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಇಸಿಎಂ ಪ್ಲಸ್ ಪಿನ್ನಿಗೆ. ಅಲ್ಲಿ ಹೆಚ್ಚು ಕಂಡ್ರ ಕೀ ಸ್ವಿಚ್ ಸವೆದಿರ್ತದ. ಮೇನ್ ರಿಲೇಗೆ ಬ್ಯಾಟರಿಯಿಂದ ಹೊಸ 2.5 ಚದರ ಮಿ.ಮೀ. ವೈರ್ 15 ಆಂಪ್ ಫ್ಯೂಸ್ ಇಟ್ಟು ಕೊಡ್ರಿ, ಕೀ ವೈರ್ ಬರೇ ಸಿಗ್ನಲ್ಲಿಗೆ ಇರಲಿ.

ಎರಡೂ ಕಡೆ ಸರಿಯಾಗಿ 10 ವೋಲ್ಟ್ ಮ್ಯಾಲ ಬಂದ ಮ್ಯಾಲೂ ಹತ್ತದಿದ್ರ ಸೆಲ್ಫ್ ಹೊಡೆದಾಗ ಪಂಪ್ ರಿಲೇ ಹಿಡೀತದೇನು ನೋಡ್ರಿ. ಕೀ ಆನ್ ಮಾಡಿದಾಗ 2-3 ಸೆಕೆಂಡ್ ಹಿಡಿದು, ಸೆಲ್ಫ್ ಹೊಡೆದಾಗ ಹಿಡೀದಿದ್ರ ಇಸಿಎಂಗೆ ಎಂಜಿನ್ ತಿರುಗೋದು ಕಾಣ್ಸಾಕತ್ತಿಲ್ಲ. ಆವಾಗ ಕ್ರ್ಯಾಂಕ್, ಕ್ಯಾಮ್ ಸೆನ್ಸರ್ ವೈರಿನ ಜಾಯಿಂಟ್ ಬಿಚ್ಚಿ ನೋಡ್ರಿ. ಶೀಲ್ಡ್ ಜಾಳಿಗಿ ಸಿಗ್ನಲ್ ವೈರಿಗೆ ತಾಗಿರ್ತದ, ಇಲ್ಲಾ ಎರಡೂ ತುದಿಗೆ ಅರ್ಥ್ ಮಾಡಿರ್ತಾರ. ಇಸಿಎಂ ಕಡೆ ಒಂದೇ ತುದಿಗೆ ಅರ್ಥ್ ಇರಲಿ, ಸೆನ್ಸರ್ ಕಡೆ ಜಾಳಿಗಿ ಕತ್ತರಿಸಿ ಹೀಟ್ ಶ್ರಿಂಕ್ ಮುಚ್ಚಿಬಿಡ್ರಿ. ರೀಡಿಂಗ್ ತಗೊಂಡು ಇಲ್ಲೇ ಹಾಕ್ರಿ, ಮುಂದಿಂದು ನೋಡೋಣ.